ಜೇಸನ್ನನ ಲೆಕ್ಕ, ಮೀಡಿಯಾಳ ಬಾಕಿ

ಮೇಷ್ಟ್ರು ಕಾಲೇಜಿನಲ್ಲಿ ನಾಟಕ ಪಾಠ ಮಾಡಿ ನಿವೃತ್ತರಾದವರು. ವಕೀಲೆ ಅವರ ಹಳೆಯ ಶಿಷ್ಯನ ಮಗಳು; ಫ್ಯಾಮಿಲಿ ಕೋರ್ಟಿನಲ್ಲಿ ಕೇಸು ನಡೆಸುತ್ತಾಳೆ. ಯೂರಿಪಿಡೀಸನ ‘ಮೀಡಿಯಾ’ ನಾಟಕವನ್ನು ಅವರು ಬದುಕಿಡೀ ಓದಿದವರು, ಇವಳು ಅವರ ಒತ್ತಾಯಕ್ಕೆ ಈಗ ಓದಿದವಳು. ನಡುವೆ ಕೂತು ಕೇಳಿಸಿಕೊಂಡವನು ನಾನು. ಒಂದು ಕಡೆ ತಡೆಯಲಾರದೆ ಬಾಯಿ ಹಾಕಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚಿನ್ನದ ಉಣ್ಣೆಯ ಟಗರುದೊಗಲನ್ನು ತರಲು ಗ್ರೀಕ್ ವೀರ ಜೇಸನ್ ಆರ್ಗೋ ಹಡಗೇರಿ ಕಪ್ಪು ಸಮುದ್ರದಾಚೆಯ ಕೋಲ್ಕಿಸ್‌ಗೆ ಹೋಗುತ್ತಾನೆ. ಅದು ಈಗಿನ ಜಾರ್ಜಿಯಾದ ಸೀಮೆ. ಅಲ್ಲಿನ ದೊರೆಮಗಳು ಮೀಡಿಯಾ ಮದ್ದುಮಾಟ ಬಲ್ಲವಳು. ಅವನಿಗೆ ಮನಸೋತು, ಅಪ್ಪನಿಗೆ ಎರಡು ಬಗೆದು, ಒಡಹುಟ್ಟಿದವನನ್ನೇ ಕೊಂದು ಅವನ ಜೊತೆ ಹೊರಟುಬಿಡುತ್ತಾಳೆ. ಇಯೋಲ್ಕಸ್‌ನಲ್ಲಿ ಅವನ ವೈರಿ ಪೆಲಿಯಾಸನನ್ನು ಆತನ ಹೆಣ್ಣುಮಕ್ಕಳ ಕೈಯಿಂದಲೇ ಕೊಲ್ಲಿಸುತ್ತಾಳೆ. ಆ ಊರೂ ಬಿಡಬೇಕಾಗಿ ಬಂದು ಕೊರಿಂತ್‌ನಲ್ಲಿ ನೆಲೆ. ಇಬ್ಬರು ಗಂಡುಮಕ್ಕಳು. ನಾಟಕ ಶುರುವಾಗುವ ಹೊತ್ತಿಗೆ ಜೇಸನ್ ಅವಳನ್ನು ಬಿಟ್ಟು ಕೊರಿಂತ್ ದೊರೆ ಕ್ರಿಯೋನನ ಮಗಳನ್ನು ಮದುವೆಯಾಗಿದ್ದಾನೆ. ಮೀಡಿಯಾ ವಿಷದ ಉಡುಗೊರೆ ಕಳಿಸಿ ಆ ಹುಡುಗಿಯನ್ನೂ ಅವಳಪ್ಪನನ್ನೂ ಕೊಲ್ಲುತ್ತಾಳೆ, ಆಮೇಲೆ ತಾನು ಹೆತ್ತ ಮಕ್ಕಳನ್ನು.

ವಕೀಲೆ: ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಎರಡು ಸಾವಿರದ ನಾನೂರು ವರ್ಷ ಹಳೇದು ಅಂತ ಭಯಭಕ್ತಿಯಿಂದ ತೆಗೆದೆ. ಒಳಗೆ ನೋಡಿದ್ರೆ ನಮ್ಮ ಕೋರ್ಟಿನ ಕಾರಿಡಾರಲ್ಲಿ ನಿಂತಿರೋ ಗಂಡಂದಿರೇ. ಜೇಸನ್ ಆಡೋ ಮಾತುಗಳನ್ನೆಲ್ಲ ನಾನು ಆಕ್ಷೇಪಣೆಗಳಲ್ಲಿ ಓದಿದೀನಿ.

ಮೇಷ್ಟ್ರು: ಯಾವ ಮಾತು, ಹೇಳು.

ವಕೀಲೆ: ಮಕ್ಕಳ ಒಳ್ಳೇದಕ್ಕೇ ಮಾಡಿದ್ದು ಅನ್ನೋದು. ಅರಮನೆ ಅಳಿಯನಾದ್ರೆ ಈ ಮಕ್ಕಳಿಗೆ ರಾಜವಂಶದ ತಮ್ಮಂದಿರು ಹುಟ್ತಾರೆ, ಎಲ್ಲರೂ ಒಟ್ಟಿಗೆ ಬೆಳೀತಾರೆ, ಬಡತನ ಅನ್ನೋದು ಇರಲ್ಲ ಅಂತ. ಆಮೇಲೆ, ನಿನ್ನ ಬಾಯಿಂದಲೇ ನಿನಗೆ ಗಡೀಪಾರು ಆಯ್ತು, ತೆಪ್ಪಗಿದ್ದಿದ್ರೆ ಇಲ್ಲೇ ಇರಬಹುದಿತ್ತು ಅನ್ನೋದು. ಕೊನೇಲಿ, ದುಡ್ಡು ಬೇಕಾದ್ರೆ ಕೇಳು, ಹೊರಗಡೆ ಸ್ನೇಹಿತರಿದಾರೆ, ಅವರಿಗೆ ಹೇಳಿ ಕಳಿಸ್ತೀನಿ ಅನ್ನೋ ಧಾರಾಳ. ಜೀವನಾಂಶ ಕೊಡೋಕೆ ನಾನು ಯಾವತ್ತೂ ಸಿದ್ಧನೇ ಇದ್ದೆ ಅಂತ ನಮ್ಮಲ್ಲಿ ಬರೀತಾರಲ್ಲ, ಅದೇ.

ಮೇಷ್ಟ್ರು: ಸರಿ. ಅವನು ಸುಳ್ಳು ಹೇಳ್ತಿದಾನೆ ಅಂತೀಯಾ?

ವಕೀಲೆ: ಮತ್ತೆ?

ಮೇಷ್ಟ್ರು: ನನಗೆ ಹಾಗೆ ಅನ್ನಿಸಲ್ಲ. ಅವನು ನಂಬಿಕೊಂಡೇ ಹೇಳ್ತಿದಾನೆ. ದೇಶಭ್ರಷ್ಟ, ಕೈಯಲ್ಲಿ ಏನೂ ಇಲ್ಲ, ಹಳೇ ಪರಾಕ್ರಮದ ಹೆಸರೊಂದಿದೆ. ಬಾಗಿಲಿಗೆ ರಾಜಸಂಬಂಧ ಬಂದಿದೆ. ಒಬ್ಬ ವ್ಯವಹಾರಸ್ಥ ಏನು ಮಾಡ್ತಾನೋ ಅದನ್ನ ಮಾಡಿದ. ಅವಳ ಮೇಲೆ ಅವನಿಗೆ ದ್ವೇಷ ಇಲ್ಲ, ಹೊಸ ಹುಡುಗಿ ಮೇಲೆ ಮೋಹವೂ ಇಲ್ಲ. ಹಾಸಿಗೆ ವಿಷಯಕ್ಕೆ ಮಾಡಿದ್ದಲ್ಲ ಅಂತ ಒತ್ತಿ ಒತ್ತಿ ಹೇಳ್ತಾನೆ, ಅದು ತನ್ನ ಪರವಾದ ಸಾಕ್ಷಿ ಅನ್ನೋ ಹಾಗೆ. ಕಾಮಕ್ಕೆ ಬಿದ್ದವನು ಒಂದಿನ ಪಶ್ಚಾತ್ತಾಪ ಪಟ್ಟಾನು. ತಾನು ಸರಿಯಾದ ಲೆಕ್ಕ ಮಾಡಿದೀನಿ ಅಂದುಕೊಂಡವನು ಯಾಕೆ ಪಡ್ತಾನೆ?

ವಕೀಲೆ: ಅಂದ್ರೆ ನೀವು ನನಗಿಂತ ಕಟುವಾಗಿದೀರಿ ಅವನ ಮೇಲೆ.

ಮೇಷ್ಟ್ರು: ಆ ಭಾಷಣದಲ್ಲಿ ಇನ್ನೊಂದು ಮಾತಿದೆ, ಅದಕ್ಕೆ. ನನ್ನನ್ನ ಕಾಪಾಡಿದವಳು ನೀನಲ್ಲ, ಅಫ್ರೊಡೈಟಿ ಅಂತಾನೆ. ಪ್ರೇಮದೇವತೆ ನಿನಗೆ ಮರುಳು ಹಿಡಿಸಿದಳು, ನೀನು ಬೇರೆ ದಾರಿ ಇಲ್ಲದೆ ನನಗೆ ನೆರವಾದೆ, ಆದ್ದರಿಂದ ನಿನಗೆ ನಾನೇನೂ ಬಾಕಿ ಇಲ್ಲ. ಅಷ್ಟೇ ಅಲ್ಲ, ಕಾಡುಜನರ ನಾಡಿಂದ ನಿನ್ನನ್ನ ಗ್ರೀಸಿಗೆ ಕರಕೊಂಡು ಬಂದೆ, ನ್ಯಾಯ ಕಾನೂನು ಅಂದ್ರೇನು ಅಂತ ನಿನಗೆ ಗೊತ್ತಾಯ್ತು, ಹೆಸರೂ ಬಂತು, ನೀನೇ ನನಗೆ ಬಾಕಿ. ಇನ್ನೊಬ್ಬಳನ್ನ ಮದುವೆಯಾದಾಗ ಅವಳ ಮುಂದಿನ ಬದುಕು ಹೋಯ್ತು. ಈ ಮಾತಾಡಿ, ಹಿಂದೆ ಬದುಕಿದ್ದನ್ನೂ ಕಿತ್ತುಕೊಂಡ.

ವಕೀಲೆ: ನಿಮಗೆ ಭಾಷಣ ನೋಯಿಸುತ್ತೆ, ನನಗೆ ಆಣೆ ಮುರಿದದ್ದು. ಅವಳು ಪದೇ ಪದೇ ಎತ್ತೋದು ಅದನ್ನೇ. ಬಲಗೈ ಕೊಟ್ಟಿದ್ದ, ದೇವರನ್ನ ಸಾಕ್ಷಿ ಇಟ್ಟಿದ್ದ. ಅಲ್ಲಿನ ಪದ್ಧತೀಲಿ ಹೆಣ್ಣನ್ನ ಅವಳಪ್ಪ ಅಳಿಯನ ಕೈಗೆ ಒಪ್ಪಿಸಬೇಕು, ಅಲ್ವಾ? ಇವಳನ್ನ ಯಾರೂ ಒಪ್ಪಿಸಿಲ್ಲ. ತಾನೇ ಒಬ್ಬ ಪಕ್ಷಗಾರಳಾಗಿ ನಿಂತು ಕರಾರು ಮಾಡಿಕೊಂಡವಳು. ಬೇರೆಯವಳಾಗಿದ್ರೆ ಸ್ತ್ರೀಧನ ವಾಪಸ್ ತಗೊಂಡು ತವರಿಗೆ ಹೋಗಬಹುದಿತ್ತು. ಇವಳಿಗೆ ಆ ಆಣೆ ಬಿಟ್ರೆ ಬೇರೆ ಆಸ್ತೀನೇ ಇಲ್ಲ.

ಮೇಷ್ಟ್ರು: ಅದನ್ನ ನೋಡ್ತಾ ಕೂತವರ ಊರಿನ ಕಾನೂನು ಇನ್ನೂ ಬಿಗಿ ಇತ್ತು. ನಾಟಕ ಆಡಿದ್ದು ಕ್ರಿ.ಪೂ. 431ರಲ್ಲಿ, ಅಥೆನ್ಸ್‌ನ ಡಯೋನಿಸಸ್ ಉತ್ಸವದಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮುಂಚೆ, 451ರಲ್ಲಿ, ಪೆರಿಕ್ಲಿಸ್ ಒಂದು ಕಾಯ್ದೆ ತಂದ: ತಾಯಿ ತಂದೆ ಇಬ್ಬರೂ ಅಥೆನ್ಸಿನವರಾದ್ರೆ ಮಾತ್ರ ಮಗ ಪೌರ. ಪರದೇಶದ ಹೆಂಡತಿ ಅಂದ್ರೆ ಏನು, ಅವಳ ಮಕ್ಕಳ ಗತಿ ಏನು ಅನ್ನೋದು ಆ ಪ್ರೇಕ್ಷಕರಿಗೆ ಪುರಾಣದ ಪ್ರಶ್ನೆ ಆಗಿರಲಿಲ್ಲ. ಅವರಲ್ಲೇ ಎಷ್ಟೋ ಮನೆಯ ಪ್ರಶ್ನೆ.

ವಕೀಲೆ: ಅದಕ್ಕೇ ಅವನಿಗೆ ಬಹುಮಾನ ಬರಲಿಲ್ವೇನೋ. ಮೂವರಲ್ಲಿ ಮೂರನೇ ಸ್ಥಾನ ಅಂತ ಮುನ್ನುಡೀಲಿತ್ತು.

ಮೇಷ್ಟ್ರು: ಈಸ್ಕಿಲಸನ ಮಗ ಯೂಫೋರಿಯಾನ್ ಮೊದಲು, ಸೊಫೊಕ್ಲಿಸ್ ಎರಡನೆಯವನು, ಇವನು ಕಡೆಯವನು. ಆದ್ರೆ ಒಬ್ಬೊಬ್ಬರದೂ ನಾಲ್ಕು ನಾಟಕ ಸೇರಿಸಿ ಸ್ಪರ್ಧೆ. ಇದೊಂದಕ್ಕೇ ಸೋತ ಅನ್ನೋದಕ್ಕಾಗಲ್ಲ. ಅದಿರಲಿ. ಆಣೆ ಅಂದೆಯಲ್ಲ, ನಾನು ನಿನ್ನನ್ನ ಬೇರೆ ಕಡೆಯಿಂದ ಕೇಳ್ತೀನಿ. ತವರಿಲ್ಲ ಅಂದೆ. ತವರಿನ ಬಾಗಿಲು ಮುಚ್ಚಿದವರು ಯಾರು?

ವಕೀಲೆ: ಬಂತು. ಇದನ್ನ ಕಾಯ್ತಾ ಇದ್ದೆ.

ಮೇಷ್ಟ್ರು: ಕಾಯ್ತಾ ಇದ್ದರೆ ಉತ್ತರ ಹೇಳು. ಅಪ್ಪನಿಗೆ ದ್ರೋಹ, ಒಡಹುಟ್ಟಿದವನ ಕೊಲೆ, ಪೆಲಿಯಾಸನ ಮುಗ್ಧ ಹೆಣ್ಣುಮಕ್ಕಳಿಗೆ ಮೋಸ. ಮುದುಕನನ್ನ ಕಡಿದು ಕುದಿಸಿದ್ರೆ ಹರೆಯ ಬರುತ್ತೆ ಅಂತ ನಂಬಿಸಿ ಅವರ ಕೈಯಲ್ಲೇ ಮಾಡಿಸಿದಳು. ಈ ಪ್ರೀತಿ ಶುರುವಾದ ದಿನದಿಂದ ಬೇರೆಯವರ ರಕ್ತದ ಮೇಲೇ ನಿಂತಿತ್ತಲ್ಲಮ್ಮಾ. ಅದು ಕುಸಿದಾಗ ಒಬ್ಬನ ಸ್ವಾರ್ಥದಿಂದ ಕುಸೀತು ಅಂದ್ರೆ ಹೇಗೆ?

ವಕೀಲೆ: ಆ ಮೂರೂ ಅಪರಾಧದ ಫಲ ಉಂಡವನು ಯಾರು? ತೊಗಲು ಯಾರಿಗೆ ಸಿಕ್ತು, ವೈರಿ ಯಾರವನು ಸತ್ತ? ಮಾಡುವಾಗ ಒಂದು ಸಲವಾದ್ರೂ ಬೇಡ ಅಂದ್ನಾ ಅವನು? ಕೊಲೆಗೆ ಅವಳ ಕೈ, ಹಡಗಿಗೆ ಅವನ ಹೆಸರು.

ಮೇಷ್ಟ್ರು: ಒಪ್ಪಿದೆ. ಆದ್ರೆ ನೋಡು, ಅವಳೂ ಪಟ್ಟಿ ಓದ್ತಾಳೆ. ನಿನಗಾಗಿ ಇದು ಮಾಡಿದೆ, ನಿನಗಾಗಿ ಅದು ಬಿಟ್ಟೆ. ಅವನ ಕೈಯಲ್ಲೊಂದು ಖಾತೆ ಪುಸ್ತಕ, ಇವಳ ಕೈಯಲ್ಲೊಂದು. ಜಮಾ ಖರ್ಚು ಹೊಂದದೇ ಇರೋ ಎರಡು ಅಂಗಡಿಯವರ ಜಗಳದ ಹಾಗಿದೆ ಆ ದೃಶ್ಯ. ಪ್ರೀತಿ ಎಲ್ಲಿದೆ ಅಲ್ಲಿ?

ವಕೀಲೆ: ಇದು ಅನ್ಯಾಯ, ಮೇಷ್ಟ್ರೇ. ಇಷ್ಟು ವರ್ಷ ಅವಳು ಪಟ್ಟಿ ಓದಿದ್ಲಾ? ಅವನು ಬಾಕಿ ಏನೂ ಇಲ್ಲ ಅಂದಮೇಲೆ ತಾನೇ ಪಟ್ಟಿ ಬೇಕಾಗೋದು? ಮದುವೆಯಾಗಿ ಹನ್ನೆರಡು ವರ್ಷ ಅಡುಗೆ ಮಾಡಿದವಳು ಅದನ್ನ ಎಣಿಸಿರಲ್ಲ. ಪಾಟೀ ಸವಾಲಿನಲ್ಲಿ ‘ಈಕೆ ಸಂಸಾರಕ್ಕೆ ಏನೂ ಮಾಡಿಲ್ಲ’ ಅಂದಾಗ, ಅಳ್ತಾ ಅಳ್ತಾ ಎಣಿಸೋಕೆ ಶುರು ಮಾಡ್ತಾಳೆ. ಅಷ್ಟು ಹೊತ್ತಿಗೆ ನೀವು ಬಂದು, ನೋಡಿ ಈಯಮ್ಮನೂ ಲೆಕ್ಕದವಳೇ ಅಂತೀರಿ.

ಮೇಷ್ಟ್ರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಈ ಏಟು ತಗುಲಿತು ಎಂದು ನನಗನ್ನಿಸಿತು. ಆದರೆ ಅವರು ಬಿಟ್ಟುಕೊಡುವ ಪೈಕಿ ಅಲ್ಲ.

ಮೇಷ್ಟ್ರು: ಸರಿ, ಪಟ್ಟಿಯನ್ನ ನಾನು ವಾಪಸ್ ತಗೋತೀನಿ. ಮಕ್ಕಳ ವಿಷಯಕ್ಕೆ ಬಾ. ಕೊಲ್ಲಬೇಕು ಅಂತ ನಿರ್ಧಾರ ಮಾಡಿದ ಮೇಲೆ ಅವಳದೊಂದು ದೊಡ್ಡ ಸ್ವಗತ ಇದೆ. ಆ ಮಕ್ಕಳ ಮುಖ ನೋಡಿ ಬೇಡ ಅಂತಾಳೆ, ಮತ್ತೆ ಬೇಕು ಅಂತಾಳೆ, ಮತ್ತೆ ಕರಗ್ತಾಳೆ. ಪ್ರಪಂಚದ ನಾಟಕಗಳಲ್ಲಿ ಒಂದು ಮನಸ್ಸು ತನ್ನ ಜೊತೆ ತಾನೇ ಹೀಗೆ ಜಗಳ ಆಡೋದನ್ನ ರಂಗದ ಮೇಲೆ ತಂದವರು ಅದಕ್ಕೆ ಮುಂಚೆ ತೀರಾ ಕಮ್ಮಿ. ಪ್ರತಿ ಸಲ ಅವಳನ್ನ ಕೊಲೆಯ ಕಡೆಗೆ ತಿರುಗಿಸೋದು ಯಾವುದು ಹೇಳು? ಶತ್ರುಗಳು ನಕ್ಕುಬಿಡ್ತಾರಲ್ಲ ಅನ್ನೋ ಯೋಚನೆ. ಎರಡು ಮಕ್ಕಳ ಜೀವಕ್ಕಿಂತ ನಾಲ್ಕು ಜನ ನಗಬಾರದು ಅನ್ನೋದು ದೊಡ್ಡದಾದ್ರೆ, ಅದಕ್ಕೆ ಸ್ವಾರ್ಥ ಅನ್ನದೆ ಏನನ್ನಲಿ?

ವಕೀಲೆ: ಗಂಡಸರಿಗೆ ಏನಂತೀರೋ ಅದನ್ನೇ ಅನ್ನಿ. ಏಜಾಕ್ಸ್ ಯಾಕೆ ಕತ್ತಿ ಮೇಲೆ ಬಿದ್ದು ಸತ್ತ? ಶತ್ರುಗಳು ನಗ್ತಾರೆ ಅಂತ ತಾನೇ? ಅವನಿಗೆ ವೀರ ಅಂತೀರಿ.

ಮೇಷ್ಟ್ರು: ಏಜಾಕ್ಸ್ ಹೆಸರೆತ್ತಿದೆಯಲ್ಲ, ನಮ್ಮ ಬಿ.ಎಂ.ಶ್ರೀಯವರು ಆ ಸೊಫೊಕ್ಲಿಸನ ನಾಟಕವನ್ನೇ ಮಾದರಿ ಮಾಡಿಕೊಂಡು ‘ಅಶ್ವತ್ಥಾಮನ್’ ಬರೆದರು. ಗ್ರೀಕರ ರುದ್ರನಾಟಕ ಕನ್ನಡಕ್ಕೆ ಬಂದ ದಾರೀಲಿ ಅದೊಂದು ದೊಡ್ಡ ಮೆಟ್ಟಿಲು.

ವಕೀಲೆ: ನೋಡಿ ಮತ್ತೆ! ಭಾರತದ ಅಶ್ವತ್ಥಾಮ ಏನು ಮಾಡಿದವನು? ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನ ಕೊಂದವನು. ಅಂಥವನಿಗೂ ನಮ್ಮಲ್ಲಿ ರುದ್ರನಾಯಕನ ಪಟ್ಟ ಸಿಗುತ್ತೆ. ಅಪ್ಪನಿಗೆ ಮೋಸ ಆಗಿತ್ತು, ಅವಮಾನ ಆಗಿತ್ತು, ಕ್ರೋಧದಲ್ಲಿ ಮಾಡಿದ ಅಂತ ಅರ್ಥ ಮಾಡ್ಕೋತೀವಿ. ಮೀಡಿಯಾ ಅಂದ ತಕ್ಷಣ ಸ್ವಾರ್ಥಿ, ರಾಕ್ಷಸಿ.

ಮೇಷ್ಟ್ರು: ಅಶ್ವತ್ಥಾಮ ಕೊಂದದ್ದು ವೈರಿಯ ಮಕ್ಕಳನ್ನ. ಇವಳು ತನ್ನ ಮಕ್ಕಳನ್ನ.

ವಕೀಲೆ: ಆ ಹೊತ್ತಿಗೆ ಅವು ಅವಳ ಕಣ್ಣಿಗೆ ಜೇಸನ್ನನ ಮಕ್ಕಳಾಗಿದ್ವು... ಇದನ್ನ ಸಮರ್ಥನೆಗೆ ಹೇಳ್ತಿಲ್ಲ. ಇದೊಂದು ವಿಷಯ ನನಗೆ ನಾಟಕಕ್ಕಿಂತ ಮುಂಚೆ ಗೊತ್ತಿತ್ತು. ಗಂಡನಿಗೆ ನೋಯಿಸಬೇಕು ಅಂದ್ರೆ ಬೇರೆ ಏನೂ ಕೈಗೆ ಸಿಗದಿದ್ದಾಗ ಮಗು ಸಿಗುತ್ತೆ. ಹೆಂಡತಿಗೆ ನೋಯಿಸಬೇಕು ಅಂದ್ರೂ ಅಷ್ಟೇ. ಸ್ಕೂಲಿನ ಟಿ.ಸಿ. ಬಚ್ಚಿಡೋದರಿಂದ ಶುರುವಾಗುತ್ತೆ ಅದು. ನಾನು ಎರಡೂ ಪಕ್ಷಕ್ಕೆ ವಕಾಲತ್ತು ಹಾಕಿದೀನಿ, ಎರಡೂ ಕಡೆ ನೋಡಿದೀನಿ.

ಮೇಷ್ಟ್ರು: ಹಾಗಾದ್ರೆ ಈಜಿಯಸ್ ಬರೋ ದೃಶ್ಯ ನಿನಗೆ ಅರ್ಥ ಆಗಿರಬೇಕು. ಅಥೆನ್ಸಿನ ದೊರೆ, ಮಕ್ಕಳಿಲ್ಲದವನು, ಡೆಲ್ಫಿಗೆ ಹೋಗಿ ದೈವವಾಣಿ ಕೇಳಿಕೊಂಡು ವಾಪಸ್ ಬರೋ ದಾರೀಲಿ ಕೊರಿಂತ್‌ಗೆ ಬರ್ತಾನೆ. ಇವನು ಇಲ್ಲಿಗೆ ಯಾಕೆ ಬಂದ, ಕಥೆಗೆ ಹೊಂದಲ್ಲ ಅಂತ ಅರಿಸ್ಟಾಟಲ್ ಬೈದಿದಾನೆ. ಆದ್ರೆ ಮಕ್ಕಳನ್ನೇ ಕೊಲ್ತೀನಿ ಅನ್ನೋ ಮಾತು ಮೀಡಿಯಾಳ ಬಾಯಿಗೆ ಬರೋದು ಅವನು ಹೋದ ಮೇಲೆ. ಸಂತಾನ ಇಲ್ಲದ ಗಂಡಸು ಎಷ್ಟು ಬಡವ ಅನ್ನೋದನ್ನ ಅವಳು ಕಣ್ಣಾರೆ ಕಂಡಳು. ಎಲ್ಲಿ ಹೊಡೀಬೇಕು ಅನ್ನೋದು ಅಲ್ಲಿ ಗೊತ್ತಾಯ್ತು.

ವಕೀಲೆ: ನನಗೆ ಆ ದೃಶ್ಯದಲ್ಲಿ ಬೇರೆ ಕಂಡಿತು. ಆಶ್ರಯ ಕೊಡ್ತೀನಿ ಅಂತಾನೆ ಅವನು. ಅವಳು ಬಾಯಿಮಾತು ಒಪ್ಪಲ್ಲ. ಭೂಮಿ ಮೇಲೆ, ಸೂರ್ಯನ ಮೇಲೆ, ಎಲ್ಲಾ ದೇವರ ಮೇಲೆ ಆಣೆ ಮಾಡು, ಮುರಿದ್ರೆ ಏನು ಶಿಕ್ಷೆ ಅದನ್ನೂ ಹೇಳು ಅಂತಾಳೆ. ಒಂದು ಸಲ ಮೋಸ ಹೋದವಳು ಎರಡನೇ ಕರಾರಿನಲ್ಲಿ ಎಷ್ಟು ಹುಷಾರಾಗಿರ್ತಾಳೆ ಅಂತ ಖುಷಿ ಆಯ್ತು. ಆಮೇಲೆ ಹೆದರಿಕೇನೂ ಆಯ್ತು. ಪ್ರೀತಿಸಿದಾಗ ಇಷ್ಟೆಲ್ಲ ಷರತ್ತು ಕೇಳಿರಲಿಲ್ಲ ಅವಳು.

ಮೇಷ್ಟ್ರು: ಆಣೆ ಆಣೆ ಅಂತ ನೀನು ಅದಕ್ಕೇ ಜೋತು ಬಿದ್ದಿದೀಯ. ಅಂಬೆಯನ್ನ ನೆನಪು ಮಾಡ್ಕೋ. ಸಾಲ್ವನಿಗೆ ಮನಸ್ಸು ಕೊಟ್ಟಿದ್ದಳು. ಭೀಷ್ಮ ಎತ್ತಿಕೊಂಡು ಬಂದ, ವಿಷಯ ತಿಳಿದು ವಾಪಸ್ ಕಳಿಸಿದ. ಇನ್ನೊಬ್ಬ ಗೆದ್ದ ಹೆಣ್ಣು ಬೇಡ ಅಂದ ಸಾಲ್ವ. ನೀನೇ ಮದುವೆಯಾಗು ಅಂದ್ರೆ, ನನ್ನದು ಬ್ರಹ್ಮಚರ್ಯದ ಪ್ರತಿಜ್ಞೆ ಅಂದ ಭೀಷ್ಮ. ಜೇಸನ್ ಮಾತು ಮುರಿದು ಒಬ್ಬಳನ್ನ ಸುಟ್ಟ. ಭೀಷ್ಮ ಮಾತು ಉಳಿಸಿಕೊಂಡು ಒಬ್ಬಳನ್ನ ಬೆಂಕಿಗೆ ಕಳಿಸಿದ. ಈಗ ಹೇಳು, ಆಣೆಯಲ್ಲೇನಿದೆ?

ವಕೀಲೆ: ಇಬ್ಬರೂ ತಮ್ಮ ಮಾತನ್ನ ತಮ್ಮದು ಅಂದುಕೊಂಡಿದ್ರು, ಅದೇ ತಕರಾರು. ಭೀಷ್ಮ ಪ್ರತಿಜ್ಞೆ ಮಾಡಿದ್ದು ಅಪ್ಪನಿಗಾಗಿ, ಸರಿ. ಅಂಬೆಯ ಬದುಕು ಅದರ ಅಡಿಗೆ ಬಂದಾಗ್ಲೂ ಅದು ಅವನ ಕೀರ್ತಿಯ ವಿಷಯವಾಗೇ ಉಳೀತು. ಆದ್ರೂ ಒಂದು ವ್ಯತ್ಯಾಸ ಬಿಡ್ಬೇಡಿ. ಅಂಬೆ ಭೀಷ್ಮನ ಹಿಂದೆ ಹೋದಳು, ಇನ್ನೊಂದು ಜನ್ಮ ಎತ್ತಿ ಅವನನ್ನೇ ಕೆಡವಿದಳು. ಮಧ್ಯೆ ಯಾವ ಮಗುವನ್ನೂ ಎಳೀಲಿಲ್ಲ.

ಮೇಷ್ಟ್ರು: ಈಗ ನೀನು ನನ್ನ ಕಡೆ ವಾದ ಮಾಡ್ತಿದೀಯ.

ವಕೀಲೆ: ಮೀಡಿಯಾಳ ಪರ ವಕಾಲತ್ತು ಹಾಕಿದೀನಿ, ಕೊಲೆ ಪರ ಹಾಕಿಲ್ಲ.

ನಾನು ಬಾಯಿ ಹಾಕಿದ್ದು ಇಲ್ಲಿ. ಇಬ್ಬರೂ ಇಷ್ಟು ಹೊತ್ತು ಮಾತಾಡಿದರು, ಆ ಕೊರಿಂತ್‌ನ ಹುಡುಗಿಯ ಸುದ್ದಿಯನ್ನೇ ಎತ್ತಲಿಲ್ಲ. ಯೂರಿಪಿಡೀಸ್ ಕೂಡ ಅವಳಿಗೆ ಹೆಸರಿಟ್ಟಿಲ್ಲ, ಒಂದು ಮಾತು ಕೊಟ್ಟಿಲ್ಲ, ರಂಗದ ಮೇಲೆ ಕರೆತಂದೂ ಇಲ್ಲ. ದೂತ ಬಂದು ವರದಿ ಒಪ್ಪಿಸುತ್ತಾನೆ ಅಷ್ಟೆ: ಸವತಿಯ ಮಕ್ಕಳನ್ನು ಕಂಡು ಮುಖ ತಿರುಗಿಸಿದಳು, ಜೇಸನ್ ಪುಸಲಾಯಿಸಿದ, ನವುರಾದ ನಿಲುವಂಗಿಯನ್ನೂ ಚಿನ್ನದ ಕಿರೀಟವನ್ನೂ ನೋಡಿ ಒಲಿದಳು, ತೊಟ್ಟುಕೊಂಡು ಕನ್ನಡಿ ಮುಂದೆ ನಿಂತು ನಕ್ಕಳು, ಹೊತ್ತಿಕೊಂಡಿತು. ಆಳುಗಳು ಯಾರೂ ಹತ್ತಿರ ಹೋಗಲಿಲ್ಲ. ಅಪ್ಪ ಕ್ರಿಯೋನ್ ಓಡಿಬಂದು ಉರಿದ ಮಗಳನ್ನು ತಬ್ಬಿಕೊಂಡ, ಏಳಲು ಹೋದರೆ ವಿಷದ ಬಟ್ಟೆ ಅವನ ಮೈಗೂ ಕಚ್ಚಿಕೊಂಡಿತು. ಮೀಡಿಯಾಳನ್ನು ಗಡೀಪಾರು ಮಾಡಿದ ಕಠಿಣ ದೊರೆ ಈತ. ಊರಿಗಿಂತ ಮಕ್ಕಳೇ ತನಗೆ ಹೆಚ್ಚು ಎಂದು ಆಗಲೇ ಬಾಯಿಬಿಟ್ಟು ಹೇಳಿದ್ದ. ಈ ನಾಟಕದಲ್ಲಿ ಲಾಭ ನೋಡದೆ ಪ್ರೀತಿಸಿದವನು ಇವನೊಬ್ಬನೇ ಎಂದು ನನ್ನ ಅಭಿಪ್ರಾಯ, ಅದನ್ನೇ ಹೇಳಿದೆ.

ಮೇಷ್ಟ್ರು: ಹೌದು, ಹೌದು. ಅವಳಿಗೆ ಒಂದು ದಿನ ಕಾಲಾವಕಾಶ ಕೊಟ್ಟಿದ್ದೂ ಅವನೇ. ಮಕ್ಕಳನ್ನ ಮುಂದಿಟ್ಟುಕೊಂಡು ಬೇಡಿದಳು, ಕರಗಿದ. ಕರುಣೆಯಿಂದ ನಾನು ಎಷ್ಟೋ ಸಲ ಕೆಟ್ಟಿದೀನಿ ಅಂತ ಗೊಣಗಿಕೊಂಡೇ ಕೊಟ್ಟ. ಆ ಒಂದು ದಿನ ಸಾಕಾಯ್ತು ಅವಳಿಗೆ.

ವಕೀಲೆ: ಲಾಭ ನೋಡದ ಪ್ರೀತಿ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ತನ್ನ ಮಗಳ ಮದುವೆಗೆ ಅಡ್ಡಿ ಅಂತ ಇನ್ನೊಬ್ಬಳ ಮಕ್ಕಳನ್ನ ಊರಾಚೆ ಅಟ್ಟೋಕೆ ಬಂದಿದ್ದ ಅವನು. ಸ್ವಂತ ಮಗು ಅಂದ್ರೆ ಪ್ರಾಣ, ಪರರ ಮಗು ಅಂದ್ರೆ ಗಡೀಪಾರು ಆದೇಶ. ಜೇಸನ್ ಅಷ್ಟೂ ಮಾಡಲಿಲ್ಲ ಅನ್ನೋದು ನಿಜ. ತನ್ನ ಮಕ್ಕಳಿಗೇ ಗಡೀಪಾರು ಆದಾಗ ಹೂಂ ಅಂತ ಸುಮ್ಮನಿದ್ದ.

ಮೇಷ್ಟ್ರು: ಆದ್ರೆ ಕೊನೇ ದೃಶ್ಯದ ಜೇಸನ್ ಬೇರೆ. ಬಾಗಿಲು ಒಡೆಯೋಕೆ ಹೋಗ್ತಾನೆ, ಆಕೆ ಮೇಲೆ ಕಾಣಿಸ್ಕೋತಾಳೆ, ತಾತ ಸೂರ್ಯ ಕಳಿಸಿದ ರಥದಲ್ಲಿ, ಮಕ್ಕಳ ಹೆಣಗಳ ಜೊತೆ. ನಾಟಕದ ಮುಕ್ತಾಯ ಕಥೆಯೊಳಗಿಂದ ಬರಬೇಕು, ಯಂತ್ರದಿಂದ ಇಳಿಸಬಾರದು ಅಂತ ಅರಿಸ್ಟಾಟಲ್ ಇದಕ್ಕೂ ಬೈದಿದಾನೆ. ನನಗೆ ರಥ ಮುಖ್ಯ ಅಲ್ಲ. ಕೆಳಗೆ ನಿಂತವನು ಕೇಳ್ತಾನಲ್ಲ, ಆ ಮಕ್ಕಳ ಮೈಯನ್ನ ಒಂದು ಸಲ ಮುಟ್ಟೋಕೆ ಬಿಡು ಅಂತ. ನಾಟಕ ಪೂರ್ತಿಯಲ್ಲಿ ಅವನು ಲಾಭ ಇಲ್ಲದ್ದನ್ನ ಕೇಳಿದ್ದು ಅದೊಂದೇ.

ವಕೀಲೆ: ಅವತ್ತು ಹೊರಗೆ ತಳ್ಳಿದಾಗ ಮುಟ್ಟಬೇಕು ಅನ್ನಿಸಲಿಲ್ಲ, ಈಗ ಅನ್ನಿಸ್ತಾ? ಇದು ನನ್ನ ಮಾತಲ್ಲ, ಅವಳೇ ಮೇಲಿಂದ ಹಾಗೆ ಕೇಳ್ತಾಳೆ.

ಮೇಷ್ಟ್ರು: ಕೇಳೋ ಹಕ್ಕು ಅವಳಿಗೆ ಉಳಿದಿದೆಯಾ?

ವಕೀಲೆ: ಇಲ್ಲ. ಕೇಳಿದ್ದು ಸರಿಯಾಗೇ ಇದೆ.

ಮೇಷ್ಟ್ರು: ನೀನು ಇಂಥ ಅರ್ಜಿ ಹಾಕಿದೀಯಾ? ಮಗುವನ್ನ ನೋಡೋಕೆ ಬಿಡ್ತಿಲ್ಲ ಅಂತ, ಗಂಡನ ಪರ?

ವಕೀಲೆ: ಎಷ್ಟೋ ಹಾಕಿದೀನಿ. ಅಲ್ಲಿ ತಂದೆಯ ಹಕ್ಕು ಅಂತ ಜೋರು ಮಾಡಿದ್ರೆ ನಡಿಯಲ್ಲ. ಮಗುವಿನ ಹಿತಕ್ಕೆ ಅಂತ ಬರೀಬೇಕು, ಕಾನೂನು ಕೇಳೋದು ಅದನ್ನ. ಎಷ್ಟೋ ಸಲ ಬರೀ ಬರವಣಿಗೆ ಅದು, ನನಗೂ ಗೊತ್ತು, ಜಡ್ಜ್‌ಗೂ ಗೊತ್ತು. ಆದ್ರೂ ಆ ಎರಡು ಪದ ಹಾಳೆ ಮೇಲೆ ಇರುತ್ತೆ. ಈ ನಾಟಕದಲ್ಲಿ ಆ ಮಾತು ಆಡೋರೇ ಇಲ್ಲ.

ಮೇಷ್ಟ್ರು: ಯಾಕಿಲ್ಲ, ಮುದುಕಿ ದಾದಿ ಆಡ್ತಾಳೆ. ಮೊದಲ ದೃಶ್ಯದಲ್ಲೇ. ಅಪ್ಪ ಮಾಡಿದ ತಪ್ಪಿಗೆ ಮಕ್ಕಳ ಮೇಲೆ ಯಾಕೆ ಸಿಟ್ಟು ಅಂತ ಕೇಳ್ತಾಳೆ, ತಾಯಿಯ ಕಣ್ಣಿಗೆ ಬೀಳದ ಹಾಗೆ ಒಳಗೆ ಹೋಗಿ ಅಂತ ಅವಕ್ಕೆ ಹೇಳ್ತಾಳೆ.

ವಕೀಲೆ: ಅವಳು ಮನೆಯ ಗುಲಾಮಳು. ಅವಳ ಮಾತು ದಾಖಲೆಗೆ ಹೋಗಲ್ಲ. ಆದ್ರೆ ಮೇಳ ಇತ್ತಲ್ಲ, ಕೊರಿಂತ್‌ನ ಹೆಂಗಸರು, ಹದಿನೈದು ಜನ? ಶುರುವಿನಿಂದ ಅಲ್ಲೇ ನಿಂತಿದಾರೆ, ಎಲ್ಲಾ ಗೊತ್ತು. ಬೇಡಮ್ಮಾ ಅಂತ ಗೋಗರೀತಾರೆ. ಒಳಗೆ ಮಕ್ಕಳು ಕಿರುಚಿದಾಗ, ಹೋಗಿ ಬಿಡಿಸೋಣವಾ ಅಂತ ಅವರವರೇ ಕೇಳ್ಕೋತಾರೆ. ಹೋಗಲ್ಲ. ಹೊರಗಿನವರಿಗೆ ಒಬ್ಬರಿಗೂ ಹೇಳೂ ಇಲ್ಲ.

ಮೇಷ್ಟ್ರು: ಹೇಳಲ್ಲ ಅಂತ ಮಾತು ಕೊಟ್ಟಿದ್ರು ಅವಳಿಗೆ. ಹೆಂಗಸರ ಕಷ್ಟ ಕೇಳಿ, ನಿನ್ನ ಸೇಡು ನ್ಯಾಯವಾದ್ದು ಅಂತ ಮೊದಲೇ ಒಪ್ಪಿ. ನೀನು ಆಣೆಯ ಪಕ್ಷದವಳು, ಇದಕ್ಕೆ ಏನಂತೀಯ? ಈ ನಾಟಕದಲ್ಲಿ ಕೊಟ್ಟ ಮಾತನ್ನ ಉಳಿಸಿಕೊಂಡವರು ಅವರೇ.

ವಕೀಲೆ: ಈಜಿಯಸ್‌ನ ಬಿಟ್ರಿ. ಅವನೂ ಆಶ್ರಯ ಕೊಡದೆ ಇರಲ್ಲ.

ಮೇಷ್ಟ್ರು: ಸರಿ, ಅವನನ್ನೂ ಸೇರಿಸು. ಈ ಎರಡು ಮಾತು ಉಳಿದಿದ್ದರಿಂದ ಯಾರು ಬದುಕಿದ್ರು?

ವಕೀಲೆ: ಮೀಡಿಯಾ.